ಬಚ್ಚಲಲ್ಲಿ ಸಾರು ಬಂತು: ಇಟಾಸ್ಕಾ ಕೆರೆ ಪಕ್ಕ ಮೂರು ರಾತ್ರಿ

ನಮಸ್ಕಾರ. ಈ ಶಾಟ್‌ನಲ್ಲಿ ಕಾಣುತ್ತಿರುವ ಉದ್ದನೆಯ ಬಿಳಿ ಗಾಡಿ ನಮ್ಮದಲ್ಲ, ಬಾಡಿಗೆ ಆರ್‌ವಿ, ಅಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಚಕ್ರದ ಮನೆ. ರಾತ್ರಿಗೆ 189 ಡಾಲರ್. ದಿನಕ್ಕೆ 100 ಮೈಲಿ ಪುಕ್ಕಟೆ, ಅದರಾಚೆ ಮೈಲಿಗೆ 45 ಸೆಂಟ್. ಪೆಟ್ರೋಲ್ ಖರ್ಚು ಬೇರೆ. ಗ್ಯಾಲನ್‌ಗೆ 9 ಮೈಲಿ ಓಡಿದರೆ ನಮ್ಮ ಪುಣ್ಯ. ಈ ದುಡ್ಡಿಗೆ ಒಳ್ಳೆಯ ಹೋಟೆಲ್ ರೂಮ್ ಸಿಗುತ್ತಿತ್ತು ಅಂತ ಮಿನಿಯಾಪೊಲಿಸ್ ದಾಟುವ ತನಕ ಹೇಳುತ್ತಲೇ ಇದ್ದೆ. ನಮ್ಮೆಜಮಾನರು ಹಾಡಿನ ಸೌಂಡ್ ಜಾಸ್ತಿ ಮಾಡಿದರು.

ಹೊರಟಿದ್ದು ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರಕ್ಕೆ, ಇಟಾಸ್ಕಾ ಸ್ಟೇಟ್ ಪಾರ್ಕ್‌ಗೆ. ಸುಮಾರು ನಾಲ್ಕು ಗಂಟೆ ದಾರಿ. ಜೋಳ, ಸೋಯಾ, ಮತ್ತೆ ಜೋಳ, ಆಮೇಲೆ ಪೈನ್ ಮರ. ಅದಕ್ಕೇ ಇಲ್ಲಿ ವಿಡಿಯೋ ಬೇಗ ಓಡಿಸಿಬಿಟ್ಟಿದ್ದೇನೆ. ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿರುವುದು ನಮ್ಮಮ್ಮ. ತುಮಕೂರಿನಿಂದ ಬಂದು ಆರು ವಾರ ಆಯಿತು. ಈ ಶಾಟ್ ಹಾಕಬೇಡ ಅಂದಿದ್ದರು. ಹಾಕಿದ್ದೇನೆ.

ಇದು ಪಾರ್ಕಿನ ಗೇಟು. ನಾವು ಹೋದಾಗ ಗಾಡಿ ಪರ್ಮಿಟ್ ದಿನಕ್ಕೆ 7 ಡಾಲರ್, ವರ್ಷಕ್ಕೆ 35 ಇತ್ತು. ಐದು ದಿನಕ್ಕಿಂತ ಜಾಸ್ತಿ ಹೋಗುವವರಾದರೆ ವರ್ಷದ್ದೇ ತಗೊಳ್ಳಿ. ಸೈಟ್, ಅಂದರೆ ಗಾಡಿ ನಿಲ್ಲಿಸಿ ತಂಗುವ ಜಾಗ, ಅದರ ಬುಕಿಂಗ್ 120 ದಿನ ಮುಂಚೆ ಶುರುವಾಗುತ್ತದೆ. ಜುಲೈ ತಿಂಗಳಿಗೆ ನಾನು ಮಾರ್ಚ್‌ನಲ್ಲಿ, ಹೊರಗೆ ಹಿಮ ಬೀಳುತ್ತಿದ್ದಾಗ, ಬೆಳಿಗ್ಗೆ ಎದ್ದು ಕೂತು ಬುಕ್ ಮಾಡಿದ್ದೆ. ತತ್ಕಾಲ್ ಟಿಕೆಟ್ ಮಾಡಿದವರಿಗೆ ಇದೇನೂ ಕಷ್ಟವಲ್ಲ.

ಸೌದೆ ಮಾತ್ರ ಮನೆಯಿಂದ ತರಬೇಡಿ. ಆಶ್ ಮರವನ್ನು ಒಳಗಿಂದ ತಿನ್ನುವ ಒಂದು ಹಸಿರು ಹುಳ ಇದೆ. 2002ರಲ್ಲಿ ಮಿಷಿಗನ್‌ನಲ್ಲಿ ಸಿಕ್ಕಿತು, 2009ರ ಹೊತ್ತಿಗೆ ಮಿನ್ನೆಸೋಟಕ್ಕೂ ಬಂತು. ಅದು ಜನರ ಸೌದೆಯ ಜೊತೆಗೇ ಊರೂರು ತಿರುಗುತ್ತದೆ. ಹಾಗಾಗಿ ಒಪ್ಪಿಗೆ ಇರುವ ಕಡೆಯೇ ಕೊಂಡುಕೊಳ್ಳಬೇಕು. ನಾಲ್ಕು ತುಂಡು ಸೌದೆಗೆ 8 ಡಾಲರ್ ಕೊಟ್ಟಿದ್ದನ್ನು ಅಮ್ಮನಿಗೆ ರೂಪಾಯಿಯಲ್ಲಿ ಹೇಳಲಿಲ್ಲ.

ಮೊದಲ ರಾತ್ರಿ ಜೋರು ಮಳೆ. ಪಕ್ಕದ ಸೈಟಿನಲ್ಲಿ ಟೆಂಟ್ ಹಾಕಿದ್ದ ಹುಡುಗರು ಹನ್ನೊಂದು ಗಂಟೆಗೆ ಕಾರಿನೊಳಗೆ ಹೋಗಿ ಕೂತರು. ನಾವು ಬೆಚ್ಚಗೆ ಹೊದ್ದುಕೊಂಡು ಚಾವಣಿ ಮೇಲೆ ಬೀಳುವ ಮಳೆ ಕೇಳುತ್ತಿದ್ದೆವು. ಆಗ ನಾನು ಹೇಳಿದ ಮಾತು ರೆಕಾರ್ಡ್ ಆಗಿದೆ, ಕೇಳಿ: "ಸ್ವಂತಕ್ಕೇ ಒಂದು ತಗೊಳ್ಳೋಣ ಕಣ್ರೀ."

ಇದು ಮಾರನೆಯ ದಿನ. ಇಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ದಾಟುತ್ತಿರುವುದು ಮಿಸಿಸಿಪ್ಪಿ ನದಿಯನ್ನು. ಹೌದು, ಅದೇ ಮಿಸಿಸಿಪ್ಪಿ. ಇಟಾಸ್ಕಾ ಕೆರೆಯಿಂದ ಇಷ್ಟು ಸಣ್ಣಗೆ ಹೊರಗೆ ಬೀಳುತ್ತದೆ. ಇಲ್ಲಿಂದ ಮೆಕ್ಸಿಕೋ ಕೊಲ್ಲಿಗೆ 2,552 ಮೈಲಿ ಅಂತ ಆ ಮರದ ಕಂಬದಲ್ಲಿ ಕೊರೆದಿದ್ದಾರೆ. ಅಮ್ಮ ಚಪ್ಪಲಿ ಬಿಟ್ಟು ಇಳಿದು, ಬೊಗಸೆ ನೀರು ತಲೆಗೆ ಚಿಮುಕಿಸಿಕೊಂಡರು. ತಲಕಾವೇರಿಯಲ್ಲಿ ಮಾಡುವ ಹಾಗೆಯೇ. "ಇಲ್ಲೊಂದು ಗುಡಿ ಕಟ್ಟಬಾರದಿತ್ತಾ?" ಅಂತ ಕೇಳಿದರು. ಗುಡಿ ಕಟ್ಟಿಲ್ಲ, ಆದರೆ ಕೈ ಆಡಿಸದೆ ಬಿಟ್ಟಿಲ್ಲ. ಮೊದಲು ಇಲ್ಲಿ ಬರೀ ಕೆಸರು, ಜೌಗು. ಈ ಚೆಂದದ ಕಲ್ಲಿನ ಸಾಲನ್ನು 1930ರ ದಶಕದಲ್ಲಿ ಕೂಲಿಯವರು ಜೋಡಿಸಿದ್ದು. ಗೊತ್ತಾದಾಗ ನನಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ಮಗಳು ಮೂರು ಸಲ ಬೀಳದೆ ದಾಟಿದಳು, ಜೋಡಿಸಿದ್ದೇ ಒಳ್ಳೆಯದಾಯಿತು ಅನ್ನಿಸಿತು.

ಹೆಸರಿನದೂ ಅದೇ ಕಥೆ. ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನ ಈ ಕೆರೆಯನ್ನು ಎಲ್ಕ್ ಕೆರೆ ಅನ್ನುತ್ತಿದ್ದರು, ಎಲ್ಕ್ ಅಂದರೆ ದೊಡ್ಡ ಜಾತಿಯ ಜಿಂಕೆ. 1832ರಲ್ಲಿ ನದಿಯ ಮೂಲ ಹುಡುಕಿ ಹೊರಟಿದ್ದ ಸ್ಕೂಲ್‌ಕ್ರಾಫ್ಟ್ ಎಂಬವನನ್ನು ಇಲ್ಲಿಗೆ ಕರೆತಂದದ್ದು ಅವರ ಮುಖಂಡ ಓಜಾವಿಂಡಿಬ್. ಬಂದವನು ವೆರಿಟಾಸ್ ಕಾಪುಟ್ ಎಂಬ ಎರಡು ಲ್ಯಾಟಿನ್ ಪದಗಳ ತಲೆ, ಬಾಲ ಕತ್ತರಿಸಿ ಇಟಾಸ್ಕಾ ಮಾಡಿದ. ದಾರಿ ತೋರಿಸಿದವನ ಹೆಸರಾದರೂ ಇಡಬಹುದಿತ್ತು ಅಲ್ವಾ? ಈ ಕಟ್ಟಡಕ್ಕೆ ಮಾತ್ರ ಸರಿಯಾದ ಹೆಸರಿಟ್ಟಿದ್ದಾರೆ, ಮೇರಿ ಗಿಬ್ಸ್. 1903ರಲ್ಲಿ ಆಕೆಗೆ 24 ವರ್ಷ, ಪಾರ್ಕ್ ನೋಡಿಕೊಳ್ಳುವ ಕೆಲಸ. ಮರ ಕಡಿಯುವವರು ಅಣೆಕಟ್ಟಿನ ಗೇಟು ಮುಚ್ಚಿ ದಡದ ಮರಗಳನ್ನು ಮುಳುಗಿಸುತ್ತಿದ್ದರು, ಗೇಟು ತೆಗೆಸಲು ಹೋದರೆ ಕೋವಿ ತೋರಿಸಿದರು. ಆಕೆ ಹೆದರಲಿಲ್ಲ. ಇನ್ನೂ ಹೇಳಬೇಕು, ಆದರೆ ಶಾಟ್ ಮುಗಿಯಿತು. ಗಾಡಿಗೆ ವಾಪಸ್.

ಈಗ ಮುಖ್ಯ ವಿಷಯ. ಈ ಗಾಡಿಯಲ್ಲಿ ಮೂರು ಟ್ಯಾಂಕ್. ಒಳ್ಳೆಯ ನೀರಿನದು 40 ಗ್ಯಾಲನ್. ಪಾತ್ರೆ ತೊಳೆದ, ಸ್ನಾನದ ನೀರಿಗೆ 30. ಟಾಯ್ಲೆಟ್‌ಗೆ ಬೇರೆ. ನಮ್ಮ ಸೈಟಿನಲ್ಲಿ ಕರೆಂಟ್ ಇದೆ, ನಲ್ಲಿ ಇಲ್ಲ, ಮೋರಿ ಇಲ್ಲ. ಅಂದರೆ ಬಚ್ಚಲಿಗೆ ಬಿದ್ದ ಒಂದೊಂದು ಚೊಂಬು ನೀರೂ ನಮ್ಮ ಕಾಲಡಿಯಲ್ಲೇ ಕೂತಿರುತ್ತದೆ. 30 ಗ್ಯಾಲನ್ ಅಂದರೆ ಸುಮಾರು 115 ಲೀಟರ್. ಒಂದು ಕುಟುಂಬ, ಅಡುಗೆ ಮಾಡುವ ಒಬ್ಬ ಅಮ್ಮ, ಎರಡು ದಿನ. ಅಕ್ಕಿ ಮೂರು ನೀರು ತೊಳೆಯಬೇಕು. ಬೇಳೆ ತೊಳೆಯಬೇಕು. ಕುಕ್ಕರ್, ಒಗ್ಗರಣೆ ಸೌಟು, ಮೊಸರಿನ ಪಾತ್ರೆ, ಎಲ್ಲಕ್ಕೂ ನಲ್ಲಿ ಬಿಟ್ಟೇ ತೊಳೆಯಬೇಕು. ನಾನು ಹೇಳಲಿಲ್ಲ ಅಂತಲ್ಲ. ಗೋಡೆಯ ಮೇಲೆ ಒಂದು ಪ್ಯಾನಲ್ ಇದೆ, ಗುಂಡಿ ಒತ್ತಿದರೆ ಟ್ಯಾಂಕ್ ಎಷ್ಟು ತುಂಬಿದೆ ಅಂತ ಲೈಟು ಹತ್ತುತ್ತದೆ. ಮಧ್ಯಾಹ್ನ ಒತ್ತಿದೆ. ಮೂರರಲ್ಲಿ ಒಂದು ಭಾಗ ಅಂತ ತೋರಿಸಿತು. ಸರಿ, ಅಮ್ಮ ಸ್ನಾನ ಮಾಡಲಿ ಅಂದೆ.

ಹತ್ತು ನಿಮಿಷಕ್ಕೆ ಒಳಗಿಂದ ಕೂಗು: "ಪುಟ್ಟೀ, ಬಚ್ಚಲಲ್ಲಿ ಸಾರು ಬರ್ತಾ ಇದೆ ಬಾರೇ!"

ಸಾರೇ ಬಂದಿತ್ತು. ಟ್ಯಾಂಕ್ ತುಂಬಿದರೆ ನೀರು ಎಲ್ಲಕ್ಕಿಂತ ತಗ್ಗಿನ ಬಾಯಿಂದ ಮೇಲೆ ಬರುತ್ತದೆ. ಈ ಗಾಡಿಯಲ್ಲಿ ತಗ್ಗಿರುವುದು ಸ್ನಾನದ ತಳ. ಬೂದಿ ಬಣ್ಣದ ನೀರು, ಮೇಲೆ ಎಣ್ಣೆ ಜಿಡ್ಡು, ಒಂದು ಕರಿಬೇವಿನ ಎಲೆ, ನಾಲ್ಕು ಅನ್ನದ ಅಗುಳು. ಅಮ್ಮ ಸೀರೆ ಸುತ್ತಿಕೊಂಡು ಕಮೋಡ್ ಮೇಲೆ ಕಾಲು ಎತ್ತಿ ಕೂತಿದ್ದರು. "ಅಳಿಯಂದಿರಿಗೆ ಹೇಳಬೇಡ್ವೇ" ಅಂದರು. ಹೇಳದೆ ಏನು ಮಾಡಲಿ, ಗಾಡಿ ಓಡಿಸುವವರು ಅವರೇ.

ಅಮ್ಮ ಒಂದು ಉಪಾಯ ಹೇಳಿದರು. ಪೈಪು ಬಿಚ್ಚಿ ಆ ಗಿಡಗಳ ಬುಡಕ್ಕೆ ಬಿಟ್ಟುಬಿಡಿ. ನಮ್ಮೂರಲ್ಲಿ ಬಚ್ಚಲ ನೀರು ಬಾಳೆಗೆ ಹೋಗುತ್ತದೆ, ಆ ಬಾಳೆ ನೋಡಿದ್ದೀರಲ್ಲ ಹೇಗೆ ಬರುತ್ತದೆ ಅಂತ. ಮಾತು ಸರಿ. ಆದರೆ ಇಲ್ಲಿ ಹಾಗೆ ನೆಲಕ್ಕೆ ಬಿಡುವಂತಿಲ್ಲ, ದಂಡ ಬೀಳುತ್ತದೆ. ಇನ್ನೂರು ಗಾಡಿಯವರು ಹಾಗೇ ಮಾಡಿದರೆ ಎಲ್ಲ ಹೋಗುವುದು ಆ ಕೆರೆಗೇ. ಬೆಳಿಗ್ಗೆ ತಾನೇ ಅದೇ ನೀರು ತಲೆಗೆ ಹಾಕಿಕೊಂಡಿದ್ದು ಅಂದೆ. ಅಮ್ಮ ಸುಮ್ಮನಾದರು.

ಟ್ಯಾಂಕಿನ ಕೊಳೆ ನೀರು ಖಾಲಿ ಮಾಡುವ ಡಂಪ್ ಸ್ಟೇಷನ್ ಪಾರ್ಕಿನೊಳಗೇ ಇದೆ, ಆದರೆ ಗಾಡಿಯನ್ನು ಅಲ್ಲಿಗೆ ಓಡಿಸಬೇಕು. ಅಂದರೆ ಕರೆಂಟ್ ಕೇಬಲ್ ಬಿಚ್ಚು, ಚಪ್ಪರ ಮಡಚು, ಕುರ್ಚಿ ಒಳಗಿಡು, ಹುಳಿ ಪಾತ್ರೆಯನ್ನು ತೊಡೆ ಮೇಲೆ ಇಟ್ಟುಕೋ. ತಿರುವಿಗೊಂದು ಸಲ ಬಚ್ಚಲಲ್ಲಿ ಅಲೆ. ಅಲ್ಲಿ ಮೊದಲು ಟಾಯ್ಲೆಟ್ ಟ್ಯಾಂಕ್, ಆಮೇಲೆ ಸೋಪ್ ನೀರು. ಆ ನೀರೇ ಪೈಪನ್ನು ತೊಳೆಯಲಿ ಅಂತ. ಪೈಪು ಅದುರುತ್ತಿದೆ ನೋಡಿ. ಇದನ್ನು ಇಷ್ಟು ಹೊತ್ತು ಯಾಕೆ ತೋರಿಸುತ್ತಿದ್ದೇನೆ ಅಂತ ಕೊನೆಗೆ ಗೊತ್ತಾಗುತ್ತದೆ. ಸ್ವಂತಕ್ಕೆ ತಗೊಳ್ಳುವ ಮಾತು ಇಲ್ಲಿಗೆ ಮುಗಿಯಿತು.

ಈ ಕತ್ತಲೆ ಶಾಟ್‌ನಲ್ಲಿ ಏನೂ ಕಾಣುವುದಿಲ್ಲ, ಕೇಳಿ ಅಷ್ಟೆ. ಅಮ್ಮ ನರಿ ಅಂದರು. ಮಗಳು ದೆವ್ವ ಅಂದಳು. ಇದು ಲೂನ್, ಮಿನ್ನೆಸೋಟದ ರಾಜ್ಯ ಪಕ್ಷಿ. ಎಲುಬು ಬೇರೆ ಹಕ್ಕಿಗಳ ಹಾಗೆ ಟೊಳ್ಳಲ್ಲ, ಗಟ್ಟಿ, ಅದಕ್ಕೇ ಸಲೀಸಾಗಿ ಮುಳುಗುತ್ತದೆ. ರಾತ್ರಿ ಹತ್ತರ ಮೇಲೆ ಪಾರ್ಕಿನಲ್ಲಿ ಗಲಾಟೆ ಮಾಡಬಾರದು ಅಂತ ನಿಯಮ. ಇದಕ್ಕೆ ಹೇಳುವವರಿಲ್ಲ. ಕೆರೆಯ ಆ ಕಡೆಯಿಂದ ಇನ್ನೊಂದು ಉತ್ತರ ಕೊಟ್ಟಿತು. ಅಮ್ಮ ಸೊಳ್ಳೆ ಹೊಡೆಯುವುದನ್ನೂ ನಿಲ್ಲಿಸಿ ಕೇಳಿದರು. ಈ ಒಂದು ನಿಮಿಷಕ್ಕೆ ಮತ್ತೆ ಬರಬಹುದು. ಟೆಂಟ್ ತರೋಣ.

ಸೋಮವಾರ ಗಾಡಿ ವಾಪಸ್. ಹೊರಡುವ ಮುಂಚೆ ಮತ್ತೊಮ್ಮೆ ಎಲ್ಲ ಖಾಲಿ ಮಾಡಿದ್ದೆವು. ಬಾಡಿಗೆಯವರು ಒಳಗೆ ಬಂದು ಅದೇ ಪ್ಯಾನಲ್ ಒತ್ತಿದರು. ಲೈಟು ಮೂರರಲ್ಲಿ ಎರಡು ಭಾಗ ತೋರಿಸಿತು. ಖಾಲಿ ಮಾಡಿಲ್ಲ, 100 ಡಾಲರ್ ಅಂದರು. ತುಂಬಿದಾಗ ಖಾಲಿ ಅನ್ನುವ, ಖಾಲಿಯಾದಾಗ ತುಂಬಿದೆ ಅನ್ನುವ ಲೈಟು. ನಾನು ಫೋನ್ ತೆಗೆದು ಪೈಪು ಅದುರುವ ಎರಡೂ ವಿಡಿಯೋ ಪೂರ್ತಿ ತೋರಿಸಲು ಹೊರಟೆ. ಅವರಿಗೆ ಎರಡನೆಯದು ನೋಡುವ ಮನಸ್ಸಿರಲಿಲ್ಲ. 100 ಬಿಟ್ಟರು.

ಆಮೇಲೆ ಒಲೆ ಪಕ್ಕದ ಬಿಳಿ ಕಟ್ಟೆ ನೋಡಿ, ಅರಿಶಿನದ ಕಲೆಗೆ 50 ಹಾಕಿದರು. ಅದಕ್ಕೆ ನನ್ನ ಹತ್ತಿರ ವಿಡಿಯೋ ಇರಲಿಲ್ಲ.