ಅಪ್ಪನನ್ನು ಬಲಿ ತೆಗೆದುಕೊಂಡ ಸೇನೆಗೆ ಮಗಳೇ ಮಂತ್ರಿ: ಚಿಲಿಯ ಮಿಷೆಲ್ ಬಾಚೆಲೆಟ್

ನಮಸ್ಕಾರ ಎಲ್ಲರಿಗೂ. ಇವತ್ತು ಚಿಲಿ ದೇಶವನ್ನು ಎರಡು ಸಲ ಆಳಿದ ಮಿಷೆಲ್ ಬಾಚೆಲೆಟ್ ಬಗ್ಗೆ ಮಾತಾಡೋಣ. ಇವರ ಬಗ್ಗೆ ಕೇಳಿದರೆ ಎಲ್ಲರೂ ಮೊದಲ ಅವಧಿಯನ್ನೇ ಹೊಗಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜನ ಹೊತ್ತು ಮೆರೆಸಿದ ಮೊದಲ ಅವಧಿಗಿಂತ, ಬಾಯಿಗೆ ಬಂದ ಹಾಗೆ ಬೈದ ಎರಡನೇ ಅವಧಿಯೇ ದೊಡ್ಡದು. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಈ ಜಾಗ ನೋಡಿ.

ಇದು ವಿಲ್ಲಾ ಗ್ರಿಮಾಲ್ಡಿ. ರಾಜಧಾನಿ ಸಾಂಟಿಯಾಗೊದ ಅಂಚಿನಲ್ಲಿ, ಆಂಡಿಸ್ ಬೆಟ್ಟಗಳ ಬುಡದಲ್ಲಿದೆ. ಈಗ ಇದೊಂದು ಪಾರ್ಕು. ಆದರೆ ಸೇನಾ ಜನರಲ್ ಪಿನೊಚೆಯ ಸರ್ವಾಧಿಕಾರ ಇದ್ದಾಗ ಇದು ರಹಸ್ಯ ಪೊಲೀಸರು ಜನರನ್ನು ತಂದು ಹಿಂಸೆ ಕೊಡುತ್ತಿದ್ದ ಜಾಗ. ಸುಮಾರು 4,500 ಜನರನ್ನು ಇಲ್ಲಿ ಹಿಡಿದಿಟ್ಟಿದ್ದರು, ಅವರಲ್ಲಿ 200ಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಪತ್ತೆಯೇ ಆಗಲಿಲ್ಲ. ಇಲ್ಲೊಂದು ಗುಲಾಬಿ ತೋಟ ಇದೆ, ಗಿಡಗಳ ಹತ್ತಿರ ಒಬ್ಬೊಬ್ಬ ಹೆಣ್ಣುಮಗಳ ಹೆಸರು ಬರೆದಿದ್ದಾರೆ. ಇನ್ನೊಂದು ಕಡೆ ಸಮುದ್ರದಿಂದ ಎತ್ತಿ ತಂದ ರೈಲು ಹಳಿಯ ತುಂಡುಗಳಿವೆ. ಹೆಣಗಳು ಮೇಲೆ ತೇಲಬಾರದು ಅಂತ ಈ ಹಳಿಗಳಿಗೆ ಕಟ್ಟಿ ಹೆಲಿಕಾಪ್ಟರ್‌ನಿಂದ ಸಮುದ್ರಕ್ಕೆ ಎಸೆಯುತ್ತಿದ್ದರು. ತುಕ್ಕು ಹಿಡಿದ ಒಂದು ಹಳಿಗೆ ಒಂದು ಅಂಗಿಯ ಗುಂಡಿ ಅಂಟಿಕೊಂಡಿದೆ. ಯಾರ ಅಂಗಿಯದೋ. ಅದರ ಮುಂದೆ ನಿಂತರೆ ಬಾಯಿಂದ ಮಾತೇ ಹೊರಡುವುದಿಲ್ಲ.

1975ರ ಜನವರಿಯಲ್ಲಿ 23 ವರ್ಷದ ಮಿಷೆಲ್ ಮತ್ತು ಅವರ ತಾಯಿ ಆಂಹೆಲಾ ಹೆರಿಯಾ ಅವರನ್ನು ಹಿಡಿದು ತಂದಿದ್ದು ಇಲ್ಲಿಗೇ. ಅಷ್ಟರಲ್ಲಿ ತಂದೆ ತೀರಿಹೋಗಿದ್ದರು. ತಂದೆ ಆಲ್ಬೆರ್ಟೊ ಬಾಚೆಲೆಟ್ ವಾಯುಪಡೆಯ ಜನರಲ್. ಅಧ್ಯಕ್ಷ ಅಯೆಂದೆ ಸರ್ಕಾರದಲ್ಲಿ ಆಹಾರ ಹಂಚಿಕೆಯ ಹೊಣೆ ಅವರ ಮೇಲಿತ್ತು. 1973ರ ಸೆಪ್ಟೆಂಬರ್ 11ರಂದು ಪಿನೊಚೆ ನೇತೃತ್ವದ ಸೇನೆ ಆ ಸರ್ಕಾರವನ್ನು ಕಿತ್ತೊಗೆಯಿತು. ಆಲ್ಬೆರ್ಟೊ ದಂಗೆಯ ಕಡೆ ಸೇರಲಿಲ್ಲ, ದೇಶ ಬಿಟ್ಟು ಓಡಲೂ ಇಲ್ಲ. ಅವರನ್ನು ಬಂಧಿಸಿ ಹಿಂಸೆ ಕೊಟ್ಟವರು ಬೇರೆ ಯಾರೂ ಅಲ್ಲ, ಅವರದೇ ವಾಯುಪಡೆಯವರು. 1974ರ ಮಾರ್ಚ್‌ನಲ್ಲಿ ಜೈಲಿನಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಈ ಹಿಂಸೆಗೆ ಇಬ್ಬರು ನಿವೃತ್ತ ಕರ್ನಲ್‌ಗಳಿಗೆ ಶಿಕ್ಷೆ ಆಗಿದ್ದು 2014ರಲ್ಲಿ, ನಲವತ್ತು ವರ್ಷ ಕಳೆದ ಮೇಲೆ.

ತಾಯಿ ಮಗಳು ಬಿಡುಗಡೆಯಾಗಿ ಮೊದಲು ಆಸ್ಟ್ರೇಲಿಯಾಕ್ಕೆ, ಅಲ್ಲಿಂದ ಪೂರ್ವ ಜರ್ಮನಿಗೆ ಹೋದರು. 1979ರಲ್ಲಿ, ಪಿನೊಚೆ ಇನ್ನೂ ಗದ್ದುಗೆ ಮೇಲೆ ಇರುವಾಗಲೇ, ಮಿಷೆಲ್ ಊರಿಗೆ ವಾಪಸ್ ಬಂದು, ಅರ್ಧಕ್ಕೆ ನಿಂತಿದ್ದ ವೈದ್ಯಕೀಯ ಓದು ಮುಗಿಸಿ ಮಕ್ಕಳ ಡಾಕ್ಟರ್ ಆದರು. ಸರ್ವಾಧಿಕಾರದಲ್ಲಿ ನೊಂದ ಮನೆಗಳ ಮಕ್ಕಳಿಗೆ ಚಿಕಿತ್ಸೆ ಕೊಡುವ ಕೆಲಸ ಮಾಡಿದರು.

ಆಮೇಲೆ ಮಾಡಿದ್ದು ನೋಡಿ. 1990ರಲ್ಲಿ ಪ್ರಜಾಪ್ರಭುತ್ವ ವಾಪಸ್ ಬಂತು. ಕೆಲವು ವರ್ಷದ ನಂತರ ಈ ಡಾಕ್ಟರಮ್ಮ ಸುಮ್ನೆ ಕೂರದೆ ಚಿಲಿಯ ರಕ್ಷಣಾ ಅಕಾಡೆಮಿ ಸೇರಿ ಸೇನಾ ತಂತ್ರ ಓದಿದರು. ತರಗತಿಗೇ ಮೊದಲ ಸ್ಥಾನ ಬಂತು, ಅದರ ಬಲದಲ್ಲಿ ವಾಷಿಂಗ್ಟನ್‌ಗೂ ಹೋಗಿ ಓದಿಬಂದರು. ಸೈನಿಕರನ್ನು ದ್ವೇಷಿಸಲು ಇವರಿಗಿಂತ ಜಾಸ್ತಿ ಕಾರಣ ಯಾರಿಗಿತ್ತು ಹೇಳಿ? ಅವರು ಮಾತ್ರ ಸೈನಿಕರ ಭಾಷೆ ಕಲಿಯಲು ಹೊರಟರು. ಸೇನೆಯನ್ನು ಅರ್ಥ ಮಾಡಿಕೊಳ್ಳದೆ ಅದನ್ನು ಜನರ ಹತೋಟಿಗೆ ತರಲು ಆಗುವುದಿಲ್ಲ ಅನ್ನುವ ಲೆಕ್ಕ ಇದರಲ್ಲಿ ನನಗೆ ಕಾಣುತ್ತದೆ.

2000ದಲ್ಲಿ ಅಧ್ಯಕ್ಷ ರಿಕಾರ್ಡೊ ಲಾಗೋಸ್ ಇವರನ್ನು ಆರೋಗ್ಯ ಮಂತ್ರಿ ಮಾಡಿದರು. 2002ರಲ್ಲಿ ರಕ್ಷಣಾ ಮಂತ್ರಿ. ಚಿಲಿಯಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ. ಹೆಂಗಸು, ಸಮಾಜವಾದಿ, ಗಂಡನಿಂದ ದೂರ ಇರುವವಳು, ದೇವರ ವಿಷಯದಲ್ಲಿ ನಂಬಿಕೆ ಇಲ್ಲದವಳು: ಸೇನೆಯವರ ಕಣ್ಣಿಗೆ ಎಲ್ಲ ಪಾಪವೂ ಒಬ್ಬರಲ್ಲೇ! ಚಿಲಿಯಲ್ಲಿ ವಿಚ್ಛೇದನ ಕಾನೂನುಬದ್ಧ ಆಗಿದ್ದೇ 2004ರಲ್ಲಿ ಅಂದರೆ ಯೋಚಿಸಿ. ಅವರು ಮಂತ್ರಿಯಾಗಿದ್ದಾಗಲೇ, 2003ರಲ್ಲಿ, ಸೇನಾ ಮುಖ್ಯಸ್ಥ ಚೆಯ್ರೆ ಸರ್ವಾಧಿಕಾರದ ಕಾಲದ ದೌರ್ಜನ್ಯ ಇನ್ನೆಂದೂ ಆಗಬಾರದು ಅಂತ ಬಹಿರಂಗವಾಗಿ ಹೇಳಿದರು. 2002ರ ಪ್ರವಾಹದಲ್ಲಿ ಸೇನೆಯ ವಾಹನದ ಮೇಲೆ ನಿಂತು ರಕ್ಷಣಾ ಕೆಲಸ ನೋಡಿಕೊಂಡ ಅವರ ಫೋಟೊ ದೇಶದ ಕಣ್ಣಿಗೆ ಬಿತ್ತು. ಅಲ್ಲಿಂದ ಅಧ್ಯಕ್ಷರ ಅರಮನೆ ದೂರ ಇರಲಿಲ್ಲ.

2006ರ ಜನವರಿಯಲ್ಲಿ ಸೆಬಾಸ್ಟಿಯನ್ ಪಿನ್ಯೇರಾ ಅವರನ್ನು ಸೋಲಿಸಿ ಚಿಲಿಯ ಮೊದಲ ಮಹಿಳಾ ಅಧ್ಯಕ್ಷೆ ಆದರು. ಮಂತ್ರಿಮಂಡಲದಲ್ಲಿ ಅರ್ಧಕ್ಕೆ ಅರ್ಧ ಮಹಿಳೆಯರು. ಶುರುವಲ್ಲೇ ಹೈಸ್ಕೂಲು ಮಕ್ಕಳು ಲಕ್ಷಗಟ್ಟಲೆ ಬೀದಿಗಿಳಿದರು, ಸಮವಸ್ತ್ರ ನೋಡಿ ಜನ ಅವರನ್ನು ಪೆಂಗ್ವಿನ್‌ಗಳು ಅಂತ ಕರೆದರು. 2007ರಲ್ಲಿ ಸಾಂಟಿಯಾಗೊದ ಹೊಸ ಬಸ್ ವ್ಯವಸ್ಥೆ ಕೈಕೊಟ್ಟು ಜನ ಗಂಟೆಗಟ್ಟಲೆ ಸ್ಟಾಪಿನಲ್ಲಿ ನಿಂತರು. ತಾಮ್ರದ ಬೆಲೆ ಮುಗಿಲು ಮುಟ್ಟಿದ್ದಾಗ ಬಂದ ದುಡ್ಡನ್ನು ಖರ್ಚು ಮಾಡದೆ ಕೂಡಿಟ್ಟರು, ಅದಕ್ಕೂ ಬೈಸಿಕೊಂಡರು. 2008ರಲ್ಲಿ ಜಗತ್ತೇ ಆರ್ಥಿಕವಾಗಿ ಕುಸಿದಾಗ ಅದೇ ದುಡ್ಡು ಕೈಹಿಡಿಯಿತು. ಅದೇ ವರ್ಷ ಬಡ ಮುದುಕರಿಗೆ ಪಿಂಚಣಿ ಕೊಟ್ಟರು. ಮನೆಗೆಲಸದಲ್ಲೇ ಜೀವ ಸವೆಸಿದ ಅಮ್ಮಂದಿರಿಗೂ, ಹೆತ್ತ ಒಂದೊಂದು ಮಗುವಿನ ಲೆಕ್ಕದಲ್ಲಿ ಪಿಂಚಣಿಗೆ ದುಡ್ಡು ಸೇರಿಸಿದರು. ಈ ಒಂದು ಕೆಲಸಕ್ಕೆ ಕೈಮುಗಿಯಬೇಕು ಅನ್ನಿಸುತ್ತದೆ.

ಅಧಿಕಾರ ಬಿಡುವ ಕೆಲವೇ ದಿನ ಮೊದಲು, 2010ರ ಫೆಬ್ರವರಿ 27ರ ರಾತ್ರಿ, 8.8 ತೀವ್ರತೆಯ ಭೂಕಂಪ. ಸುನಾಮಿ ಎಚ್ಚರಿಕೆ ಕೊಡುವುದರಲ್ಲಿ ಸರ್ಕಾರ ಎಡವಿತು. ಒಟ್ಟು 500ಕ್ಕೂ ಹೆಚ್ಚು ಜನ ಸತ್ತರು. ಇದು ಅವರ ಆಡಳಿತದ ದೊಡ್ಡ ಕಪ್ಪುಚುಕ್ಕೆ, ಇದನ್ನು ಮುಚ್ಚಿಡಬಾರದು. ಆದರೂ ಹೊರಡುವಾಗ ಸಮೀಕ್ಷೆಗಳಲ್ಲಿ ಜನಬೆಂಬಲ 80 ಶೇಕಡಾ ಆಸುಪಾಸಿತ್ತು.

ಚಿಲಿಯಲ್ಲಿ ಸತತ ಎರಡು ಅವಧಿಗೆ ಅಧ್ಯಕ್ಷರಾಗುವಂತಿಲ್ಲ. ಹಾಗಾಗಿ ಮಧ್ಯೆ ವಿಶ್ವಸಂಸ್ಥೆಯ ಮಹಿಳಾ ಸಂಸ್ಥೆಗೆ ಮೊದಲ ಮುಖ್ಯಸ್ಥೆಯಾಗಿ ಹೋಗಿಬಂದರು. 2013ರ ಡಿಸೆಂಬರ್‌ನಲ್ಲಿ 62 ಶೇಕಡಾ ಮತ ಪಡೆದು ಮತ್ತೆ ಗೆದ್ದರು. ಎದುರಾಳಿ ಎವೆಲಿನ್ ಮಾಥೇಯ್. ಅವರ ತಂದೆಯೂ ವಾಯುಪಡೆಯ ಜನರಲ್, ಮುಂದೆ ಪಿನೊಚೆಯ ಆಡಳಿತ ಮಂಡಳಿ ಸೇರಿದವರು. ಇಬ್ಬರು ಅಪ್ಪಂದಿರೂ ಒಂದು ಕಾಲದ ಗೆಳೆಯರು, ವಾಯುನೆಲೆಯಲ್ಲಿ ಮನೆಗಳೂ ಹತ್ತಿರ ಹತ್ತಿರ.

ಎರಡನೇ ಅವಧಿಗೆ ಬರೋಣ. ಪಿನೊಚೆ ಬಿಟ್ಟುಹೋದ ಚುನಾವಣಾ ಪದ್ಧತಿ ಹೇಗಿತ್ತು ಅಂದರೆ, ಪ್ರತಿ ಕ್ಷೇತ್ರಕ್ಕೆ ಎರಡು ಸೀಟು, ಎರಡನ್ನೂ ಗೆಲ್ಲಬೇಕಾದರೆ ಎದುರಾಳಿ ಬಣದ ಎರಡರಷ್ಟು ಮತ ಬೇಕು. ಅಂದರೆ ಮೂರನೇ ಒಂದು ಭಾಗ ಮತ ಬಂದರೂ ಅರ್ಧ ಸಂಸತ್ತು ಕೈಯಲ್ಲಿ! ಪ್ರಜಾಪ್ರಭುತ್ವ ಬಂದು 25 ವರ್ಷ ಆದರೂ ಇದನ್ನು ಯಾರಿಗೂ ತೆಗೆಯಲು ಆಗಿರಲಿಲ್ಲ. ಬಾಚೆಲೆಟ್ 2015ರಲ್ಲಿ ತೆಗೆದರು. 2016ರಿಂದ ಬಡ ಮನೆಯ ಮಕ್ಕಳಿಗೆ ಕಾಲೇಜು ಶುಲ್ಕವೇ ಇಲ್ಲ. 2017ರಲ್ಲಿ, ತಾಯಿಯ ಜೀವಕ್ಕೆ ಅಪಾಯ ಇದ್ದರೆ, ಮಗು ಬದುಕುವ ಸಾಧ್ಯತೆ ಇಲ್ಲದಿದ್ದರೆ, ಇಲ್ಲವೇ ಅತ್ಯಾಚಾರದಿಂದ ಬಸಿರಾಗಿದ್ದರೆ ಗರ್ಭಪಾತಕ್ಕೆ ಅವಕಾಶ ಕೊಟ್ಟರು. ಅಲ್ಲಿಯವರೆಗೆ, ಜೀವ ಹೋಗುತ್ತಿದ್ದರೂ ಕಾನೂನು ಒಪ್ಪುತ್ತಿರಲಿಲ್ಲ.

ಇಷ್ಟೆಲ್ಲ ಮಾಡುವಾಗ ಜನಬೆಂಬಲ 20 ಶೇಕಡಾಕ್ಕಿಂತ ಕೆಳಗೂ ಇಳಿದಿತ್ತು. ಕಾರಣ, 2015ರಲ್ಲಿ ಅವರ ಮಗ ಸೊಸೆಯ ಜಮೀನು ವ್ಯವಹಾರ ಮತ್ತು ದೊಡ್ಡ ಬ್ಯಾಂಕ್ ಸಾಲದ ಸುದ್ದಿ ಹೊರಬಂತು. ಮಗ ಸರ್ಕಾರದಲ್ಲಿ ಹೊಂದಿದ್ದ ಹುದ್ದೆ ಬಿಡಬೇಕಾಯಿತು. ಅಮ್ಮನ ಮೇಲೆ ಜನ ಇಟ್ಟ ನಂಬಿಕೆಗೆ ಬಿದ್ದ ಪೆಟ್ಟು ವಾಸಿಯಾಗಲೇ ಇಲ್ಲ. ಜನರ ಸಿಟ್ಟು ನ್ಯಾಯವೇ. ಆದರೆ ಇವರ ಎರಡು ಅವಧಿಗಳ ನಡುವೆ ಒಮ್ಮೆ ಆಳಿದ್ದ ಬಲಪಂಥದ ಪಿನ್ಯೇರಾ 2018ರಲ್ಲಿ ಮತ್ತೆ ಅಧ್ಯಕ್ಷರಾಗಿ ಬಂದರಲ್ಲ, ಅವರೂ ಉಚಿತ ಕಾಲೇಜನ್ನು ನಿಲ್ಲಿಸಲಿಲ್ಲ. ಗರ್ಭಪಾತದ ಕಾನೂನೂ ಉಳಿಯಿತು.

ಆಮೇಲೆ ನಾಲ್ಕು ವರ್ಷ ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮುಖ್ಯಸ್ಥೆ. 2024ನೇ ಸಾಲಿನ ಇಂದಿರಾ ಗಾಂಧಿ ಶಾಂತಿ ಪ್ರಶಸ್ತಿಯನ್ನು ನಮ್ಮ ದೇಶದ ಇಂದಿರಾ ಗಾಂಧಿ ಸ್ಮಾರಕ ಟ್ರಸ್ಟ್ ಕೊಟ್ಟಿದ್ದೂ ಇವರಿಗೇ. ಮಾನವ ಹಕ್ಕುಗಳ ಕುರ್ಚಿಯಲ್ಲಿದ್ದಾಗ, ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಉಯ್ಗುರ್ ಮುಸ್ಲಿಮರ ಮೇಲಿನ ದೌರ್ಜನ್ಯದ ವಿಷಯಕ್ಕೆ ತುಂಬಾ ಟೀಕೆ ಕೇಳಿದರು, ಮೆತ್ತಗಾದರು ಅಂತ. ವರದಿ ತಡವಾಯಿತು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ 2022ರ ಆಗಸ್ಟ್ 31ರ ರಾತ್ರಿ, ಅವರ ಅವಧಿ ಮುಗಿಯಲು ಕೆಲವೇ ನಿಮಿಷ ಇರುವಾಗ, ಬೀಜಿಂಗ್ ಬೇಡ ಅಂದರೂ ವರದಿ ಹೊರಗೆ ಬಂತು. ಅಲ್ಲಿ ನಡೆದಿರುವುದು ಮಾನವೀಯತೆಯ ವಿರುದ್ಧದ ಅಪರಾಧ ಆಗಿರಬಹುದು ಅಂತ ಅದರಲ್ಲಿ ಬರೆದಿತ್ತು.