ಒಂದೇ ಮೈಕ್ ಕೊಳ್ಳುವುದಾದರೆ

ಎಲ್ಲರಿಗೂ ನಮಸ್ಕಾರ.

"ಹಾಡು, ಗಿಟಾರ್ ಎರಡೂ ರೆಕಾರ್ಡ್ ಮಾಡಬೇಕು, ಯಾವ ಮೈಕ್ ತಗೊಳ್ಳಲಿ?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ. ಕೋಣೆ ಹೇಗಿದೆ? ಹಾಡುತ್ತಲೇ ನುಡಿಸುತ್ತೀರಾ, ಇಲ್ಲ ಬೇರೆ ಬೇರೆಯಾಗಿನಾ? ಇಷ್ಟು ಗೊತ್ತಾದರೆ ಮಿಕ್ಕಿದ್ದು ಸುಲಭ.

ಮುಖ್ಯವಾಗಿ ಎರಡು ಜಾತಿ, ಡೈನಾಮಿಕ್ ಮತ್ತು ಕಂಡೆನ್ಸರ್. ರಿಬ್ಬನ್ ಅಂತ ಇನ್ನೊಂದಿದೆ, ಇವತ್ತು ಅದರ ತಂಟೆಗೆ ಹೋಗುವುದಿಲ್ಲ. ಡೈನಾಮಿಕ್‌ನಲ್ಲಿ ಸದ್ದಿಗೆ ಅದುರುವ ಪೊರೆಗೆ ತಂತಿಯ ಸುರುಳಿ ಅಂಟಿಕೊಂಡಿರುತ್ತದೆ, ಅದು ಅಯಸ್ಕಾಂತದ ನಡುವೆ ಅಲ್ಲಾಡಿದಾಗ ಕರೆಂಟ್ ಹುಟ್ಟುತ್ತದೆ. ಸುರುಳಿಯ ಭಾರ ಇದೆಯಲ್ಲ, ಹಾಗಾಗಿ ತಂತಿ ಮೀಟಿದಾಗ ಬರುವ ಆ ಸಣ್ಣ ಮಿನುಗು ಸ್ವಲ್ಪ ಮಂಕಾಗುತ್ತದೆ. ಕಂಡೆನ್ಸರ್‌ನಲ್ಲಿ ಬರೀ ತೆಳ್ಳನೆಯ ಪೊರೆ. ಹಗುರ, ಚುರುಕು. ಆದರೆ ಅದಕ್ಕೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್ ಕೇಬಲ್‌ನಲ್ಲೇ ಹೋಗುವ ಕರೆಂಟ್, ಬೇಕು, ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ನಿಮ್ಮ ಇಂಟರ್‌ಫೇಸ್‌ನಲ್ಲಿ ಆ ಬಟನ್ ಇದೆಯಾ ನೋಡಿಕೊಳ್ಳಿ.

ಹಾಡುಗಾರರ ಡೈನಾಮಿಕ್ ಮೈಕ್ ಶೂರ್ ಎಸ್‌ಎಮ್58 ಬಂದದ್ದು 1966ರಲ್ಲಿ, ಇವತ್ತಿಗೂ ವೇದಿಕೆ ಮೇಲೆ ಅದೇ. ಬಾಯಿ ಹತ್ತಿರ ಇಟ್ಟು ಹಾಡಿದರೆ ಮನೆಯಲ್ಲೂ ಚೆನ್ನಾಗಿ ಬರುತ್ತದೆ. ತೊಂದರೆ ಗಿಟಾರ್‌ನಲ್ಲಿ. ಬೆರಳಲ್ಲಿ ಮೆಲ್ಲಗೆ ಮೀಟುವಾಗ ಮೈಕ್ ಒಂದಡಿ ದೂರ ಇದ್ದರೆ ಗೇನ್, ಅಂದರೆ ಸದ್ದನ್ನು ಹಿಗ್ಗಿಸುವ ಮಟ್ಟ, ಏರಿಸಬೇಕು, ಏರಿಸಿದಷ್ಟೂ ಆ ಕೆಲಸ ಮಾಡುವ ಪ್ರೀಆಂಪ್‌ನ "ಸ್ಸ್" ಶಬ್ದ ಜಾಸ್ತಿ.

ಇಲ್ಲೊಂದು ಮಾತು ಎಲ್ಲರೂ ಹೇಳುತ್ತಾರೆ: ಕಂಡೆನ್ಸರ್ ಕೋಣೆಯ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ, ಡೈನಾಮಿಕ್ ಎಳೆದುಕೊಳ್ಳಲ್ಲ ಅಂತ. ನಾನೂ ಬಹಳ ದಿನ ನಂಬಿದ್ದೆ. ಆಮೇಲೆ ಎರಡನ್ನೂ ಪಕ್ಕಪಕ್ಕ, ಒಂದೇ ದೂರದಲ್ಲಿ ಇಟ್ಟು, ಮಟ್ಟ ಸಮ ಮಾಡಿ ಕೇಳಿದೆ. ಕೋಣೆಯ ಗುಂಯ್ ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು! ಡೈನಾಮಿಕ್‌ಗೆ ನಾವು ತುಟಿ ತಾಗಿಸಿ ಹಾಡುತ್ತೇವೆ, ಕಂಡೆನ್ಸರ್‌ನಿಂದ ದೂರ ನಿಲ್ಲುತ್ತೇವೆ, ವ್ಯತ್ಯಾಸ ಬಹುಪಾಲು ಅಲ್ಲಿಂದ ಬರೋದು. ಕೋಣೆ ಗುಂಯ್‌ಗುಡುತ್ತಿದ್ದರೆ ನಿಮ್ಮ ಬೆನ್ನ ಹಿಂದೆ ದಪ್ಪ ರಜಾಯಿ ನೇತುಹಾಕಿ, ಮೈಕ್‌ಗೆ ಹತ್ತಿರ ಬನ್ನಿ. ಆದರೆ ಕಾರ್ಡಿಯಾಯ್ಡ್, ಅಂದರೆ ಮುಂದಿನ ಸದ್ದನ್ನೇ ಹೆಚ್ಚು ಕೇಳಿಸಿಕೊಳ್ಳುವ, ಮೈಕ್‌ಗೆ ತೀರಾ ಹತ್ತಿರ ಹೋದರೆ ದನಿಯ ತಗ್ಗು ಸ್ವರ ಉಬ್ಬಿಕೊಳ್ಳುತ್ತದೆ. ತೆಳು ದನಿಯವರಿಗೆ ಅದೇ ವರ, ನನ್ನಂಥ ಗಡಸು ಗಂಟಲಿಗೆ ಕಷ್ಟ.

ಹಾಗಾಗಿ ಒಂದೇ ಮೈಕ್ ಅಂದರೆ ನನ್ನ ಓಟು ದೊಡ್ಡ ಪೊರೆಯ, ಕಾರ್ಡಿಯಾಯ್ಡ್ ಕಂಡೆನ್ಸರ್‌ಗೆ. ಕೊಳ್ಳುವಾಗ ಡಬ್ಬಿ ಮೇಲಿನ ಚಂದದ ಮಾತು ಬಿಡಿ, ಸೆಲ್ಫ್ ನಾಯ್ಸ್, ಅಂದರೆ ಮೈಕ್ ತಾನೇ ಮಾಡುವ ಸದ್ದು, ಎಷ್ಟು ಅಂತ ನೋಡಿ. 10 ಡೆಸಿಬಲ್ ಆಸುಪಾಸಿದ್ದರೆ ನೆಮ್ಮದಿ. 20 ದಾಟಿದರೆ ಮೆಲ್ಲಗಿನ ಗಿಟಾರ್ ಹಿಂದೆ ಅದು ಕೇಳಿಸಬಹುದು.

ಎಲ್ಲಿಡೋದು? ಗಿಟಾರ್‌ನ ತೂತಿಗೆ ನೇರ ಬೇಡ. ನನ್ನ ಮೊದಲ ರೆಕಾರ್ಡಿಂಗ್‌ಗಳೆಲ್ಲ ಹಾಗೇ ಮಾಡಿದ್ದು, ಗುಡಾಣದೊಳಗೆ ಕೂತು ಬಾರಿಸಿದ ಹಾಗೆ ಕೇಳುತ್ತವೆ. ಹನ್ನೆರಡನೇ ಫ್ರೆಟ್ ಎದುರು 20ರಿಂದ 30 ಸೆಂಟಿಮೀಟರ್ ದೂರ ಇಟ್ಟು ಶುರು ಮಾಡಿ. ಹಾಡುವಾಗ ಬಾಯಿಗೂ ಮೈಕ್‌ಗೂ ನಡುವೆ ಪಾಪ್ ಫಿಲ್ಟರ್ ಅನ್ನುವ ಜಾಲರಿ ಇರಲಿ, ಇಲ್ಲದಿದ್ದರೆ ಪ್ರತಿ "ಪ" ಅಕ್ಷರಕ್ಕೂ ಗಾಳಿ ಗುದ್ದುತ್ತದೆ.

ಹಾಡುತ್ತಲೇ ನುಡಿಸುವವರಿಗೆ ಲೆಕ್ಕ ಬೇರೆ. ಎರಡು ಮೈಕ್ ಇಟ್ಟರೆ ಒಂದರ ದನಿ ಇನ್ನೊಂದಕ್ಕೆ ಸ್ವಲ್ಪ ತಡವಾಗಿ ಹೋಗುತ್ತದೆ, ಒಂದು ಮೀಟರ್‌ಗೆ ಸುಮಾರು 3 ಮಿಲಿಸೆಕೆಂಡ್. ಎರಡೂ ಬೆರೆತಾಗ ಕೆಲವು ಸ್ವರ ಒಂದನ್ನೊಂದು ನುಂಗಿ ಹಾಕುತ್ತವೆ. ಇದಕ್ಕೆ ಫಿಗರ್-ಎಯ್ಟ್ ಮೈಕ್ ಒಳ್ಳೆ ಉಪಾಯ: ಅದು ಹಿಂದೆ ಮುಂದೆ ಕೇಳಿಸಿಕೊಳ್ಳುತ್ತದೆ, ಪಕ್ಕಕ್ಕೆ ಹೆಚ್ಚುಕಡಿಮೆ ಕಿವುಡು. ಆ ಕಿವುಡು ಪಕ್ಕವನ್ನು ಬಾಯಿಗೆ ತಿರುಗಿಸಿದರೆ ಬಹುಪಾಲು ಗಿಟಾರ್ ಮಾತ್ರ ಉಳಿಯುತ್ತದೆ. ಅಷ್ಟು ತಲೆನೋವು ಬೇಡ ಅಂದರೆ ಒಂದೇ ಮೈಕ್ ಎದೆಯ ಎತ್ತರಕ್ಕೆ ಇಟ್ಟು ಮೇಲೆ ಕೆಳಗೆ ಸರಿಸುತ್ತಾ ಹೋಗಿ. ದನಿ ಜಾಸ್ತಿ ಬೇಕಾದರೆ ಮೇಲೆ, ಗಿಟಾರ್ ಬೇಕಾದರೆ ಕೆಳಗೆ.

ಗಿಟಾರ್ ತಂದವರು ಯಾರಾದರೂ ಮುಂದೆ ಬನ್ನಿ. ಮೊದಲು ಆ ತೂತಿನ ಎದುರೇ ಇಡೋಣ, ಗುಡಾಣ ಹೇಗಿರುತ್ತೆ ಅಂತ ಎಲ್ಲರೂ ಒಮ್ಮೆ ಕೇಳಲಿ.