ಶಿವರಾತ್ರಿ ಕಳೆದ ಮೇಲೆ ಹಿತ್ತಲಲ್ಲಿ

ನಮಸ್ಕಾರ ಕೇಳುಗರೇ.

ಶಿವರಾತ್ರಿಗೆ ಚಳಿ 'ಶಿವಶಿವಾ' ಅಂತ ಹೊರಟುಹೋಗುತ್ತದೆ ಅಂತಾರಲ್ವಾ? ಬೆಂಗಳೂರು, ಮೈಸೂರು, ತುಮಕೂರು ಕಡೆಯ ಹಿತ್ತಲುಗಳಲ್ಲಿ ಆಗಲೇ ಎರಡು ಕೆಲಸ ಒಟ್ಟಿಗೆ ಬೀಳುತ್ತವೆ. ಚಳಿಗಾಲದ ಬೆಳೆ ಕೊನೆಯ ಕೊಯ್ಲಿಗೆ ಬಂದಿರುತ್ತದೆ, ಬೇಸಿಗೆಯ ಸಸಿಗಳು ಜಾಗ ಕೇಳುತ್ತಿರುತ್ತವೆ. ಇರುವುದು ಅದೇ ನಾಲ್ಕು ಪಾತಿ. ಹಾಗಾಗಿ ಹಳೆಯ ಗಿಡದ ಮೇಲೆ ಆಸೆ ಇಟ್ಟುಕೊಂಡು ಕೂರಬೇಡಿ, ಕಿತ್ತುಬಿಡಿ.

ಮೂಲಂಗಿಯನ್ನೇ ನೋಡಿ. ಇನ್ನೊಂದು ವಾರ ಬಿಟ್ಟರೆ ದಪ್ಪ ಆಗುತ್ತೆ ಅಂದುಕೊಳ್ಳುತ್ತೇವೆ. ಬಿಸಿಲು ಏರಿದರೆ ಅದು ಬೆಂಡಾಗುತ್ತದೆ, ಅಷ್ಟೆ. ಅವರೆಯ ಕಥೆಯೂ ಮುಗಿಯಿತು. ನಾಟಿ ಅವರೆ ಹೂ ಬಿಡುವುದೇ ಹಗಲು ಚಿಕ್ಕದಾದಾಗ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ವರ್ಷವಿಡೀ ಕಾಯಿ ಬಿಡುವ ತಳಿಗಳನ್ನು ಕೊಟ್ಟಿದ್ದಾರೆ, ನಿಜ. ಆದರೆ ಆ ಸೊಗಡು ಬೇಕೆಂದರೆ ಚಳಿಗಾಲದ್ದೇ ಆಗಬೇಕು, ಇದು ನನ್ನ ನಾಲಿಗೆಯ ಮಾತು. ಒಳ್ಳೆಯ ಬಳ್ಳಿಯ ಕಾಯಿ ನಾಲ್ಕನ್ನು ಬೀಜಕ್ಕೆ ಒಣಗಲು ಬಿಡಿ, ಉಳಿದದ್ದನ್ನು ಹಿತುಕಿ ಸಾರು ಮಾಡಿ.

ಕೊತ್ತಂಬರಿಗೆ ಮಾತ್ರ ರಿಯಾಯಿತಿ. ಹೂ ಬಂತು, ಕೆಟ್ಟಿತು ಅಂತ ಬಿಸಾಡಬೇಡಿ. ಆ ಬಿಳಿ ಹೂವಿಗೆ ಜೇನುಹುಳ ಬರುತ್ತವೆ. ಬೀಜವೂ ಸಿಗುತ್ತದೆ. ಬಿತ್ತುವಾಗ ಚಪ್ಪಲಿಯಲ್ಲಿ ಉಜ್ಜಿ ಎರಡು ಹೋಳು ಮಾಡಿದರೆ ಒಂದು ಕಾಳಿಗೆ ಎರಡು ಗಿಡ.

ಇನ್ನು ಸಸಿಗಳು. ಬದನೆ, ಮೆಣಸಿನಕಾಯಿ, ಟೊಮೆಟೊ ಬೀಜ ಚೆಲ್ಲಿರುತ್ತೀರಿ. ಚೆನ್ನಾಗಿ ಹುಟ್ಟಿದ ಸಸಿ ಒಂದು ಬೆಳಗ್ಗೆ ನೋಡಿದರೆ ಮಲಗಿರುತ್ತದೆ. ಹತ್ತಿರದಿಂದ ನೋಡಿ: ಮೇಲಿನ ಎಲೆ ಇನ್ನೂ ಹಸಿರು, ಮಣ್ಣಿಗೆ ತಾಗುವ ಜಾಗದಲ್ಲಿ ದಂಟು ನೀರಾಡಿ ದಾರದಷ್ಟು ಸಣ್ಣಗಾಗಿರುತ್ತದೆ. ನೀರು ಸಾಲಲಿಲ್ಲ ಅಂತ ಇನ್ನೊಂದು ಚೊಂಬು ಸುರಿಯುತ್ತೇವೆ, ಉಳಿದವೂ ಹೋಗುತ್ತವೆ. ಇದು ಮಣ್ಣಿನ ಶಿಲೀಂಧ್ರದ ಕೆಲಸ. ನೀರು ಜಾಸ್ತಿಯಾದರೆ, ಸಸಿ ಒತ್ತೊತ್ತಾಗಿದ್ದರೆ ಬೇಗ ಹಬ್ಬುತ್ತದೆ. ಬೀಜ ತೆಳುವಾಗಿ ಬಿತ್ತಿ. ನೀರು ಬೆಳಗ್ಗೆ ಹಾಕಿ, ಸಂಜೆ ಹೊತ್ತಿಗೆ ಮೇಲ್ಮಣ್ಣು ಆರಿರಬೇಕು.

ನಾಲ್ಕೈದು ವಾರದ ಸಸಿ ನಾಟಿಗೆ ಸರಿ. ಕೀಳುವ ಮುಂಚೆ ಕೆಲವು ದಿನ ನೀರು ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಿ. ಸಂಜೆ ನೆಡಿ, ಎರಡು ಮೂರು ದಿನ ತೆಂಗಿನ ಗರಿಯೋ ಅಡಕೆ ಹಾಳೆಯೋ ಮರೆ ಇಡಿ. ಟೊಮೆಟೊವನ್ನು ಸ್ವಲ್ಪ ಆಳಕ್ಕೇ ಹೂಳಬಹುದು, ಅದರ ದಂಟೂ ಬೇರು ಬಿಡುತ್ತದೆ. ಯುಗಾದಿ ಆಗಲಿ ಅಂತ ಕಾಯುವವರಿದ್ದಾರೆ. ಅಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿರುತ್ತದೆ, ಎಳೆ ಬೇರು ತಡೆಯುವುದಿಲ್ಲ.

ಬೆಂಡೆ ಬೀಜವನ್ನು ರಾತ್ರಿ ನೆನೆಸಿ ನೇರವಾಗಿ ಊರಿ. ಸೌತೆ, ಹೀರೆ, ಹಾಗಲಕ್ಕೂ ಅದೇ. ಅವಕ್ಕೆ ಬೇರು ಅಲುಗಾಡಿದರೆ ಆಗಿಬರುವುದಿಲ್ಲ.

ಹೀರೆ ಬಳ್ಳಿ ಹೂ ಬಿಟ್ಟ ಮೇಲೆ 'ಹೂವೆಲ್ಲಾ ಸುಮ್ನೆ ಉದುರುತ್ತಿದೆ' ಅಂತ ಗಾಬರಿಯಾಗುತ್ತೀರಿ. ಮೊದಲು ಬರುವುದು ಗಂಡು ಹೂ, ಉದುರಲಿ ಬಿಡಿ. ಆಮೇಲೆ ಹೂವಿನ ಹಿಂದೆ ಎಳೆ ಕಾಯಿ ಹೊತ್ತು ಬರುವುದು ಹೆಣ್ಣು. ಹೀರೆ ಹೂ ಅರಳುವುದು ಸಂಜೆ, ಅಷ್ಟು ಹೊತ್ತಿಗೆ ಜೇನುಹುಳ ಗೂಡು ಸೇರಿರುತ್ತವೆ. ಕಾಯಿ ಕಚ್ಚದಿದ್ದರೆ ದೀಪ ಹಚ್ಚುವ ಹೊತ್ತಿಗೆ ಒಂದು ಗಂಡು ಹೂ ಕಿತ್ತು, ಅದರ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ ನೋಡಿ.

ನಮಸ್ಕಾರ.